ಕಲ್ಲೊಳಗಿನ ನೀರು, ಮಂಗಳೂರಿನ ಗಾಳಿ

ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಮೊದಲು ಗುಹೆಯ ಫೋಟೋ ತೋರಿಸುತ್ತಾರೆ. ತಲೆಗೆ ದೀಪ ಕಟ್ಟಿಕೊಂಡು ನಗುತ್ತಿರುವ ಹುಡುಗ ಹುಡುಗಿಯರು, ಅವರ ಹಿಂದೆ ಹೊಳೆಯುವ ಕಲ್ಲಿನ ಕಂಬಗಳು. ನನ್ನ ಇಡೀ ಸೇವೆಯಲ್ಲಿ ನಾನು ಗುಹೆಯೊಳಗೆ ಇದ್ದದ್ದು ಎಲ್ಲ ಸೇರಿಸಿದರೂ ಕೆಲವೇ ವಾರ. ಉಳಿದ ಕಾಲವೆಲ್ಲ ಮಂಗಳೂರಿನ ಗುಡ್ಡದ ಮೇಲಿನ ಒಂದು ಸಂಶೋಧನಾ ಕೇಂದ್ರದ ಕೋಣೆಯಲ್ಲಿ, ಪಂಪುಗಳ ಸದ್ದಿನ ನಡುವೆ, ಒಂದು ಹನಿಗಿಂತಲೂ ಕಡಿಮೆ ನೀರಿಗಾಗಿ ಕಾಯುವುದರಲ್ಲಿ ಹೋಯಿತು. ಆ ಫೋಟೋ ನೋಡಿ ಆಸೆಪಟ್ಟು ಬರುವವರಿಗೆ ಇದನ್ನು ಯಾರಾದರೂ ಮೊದಲೇ ಹೇಳಬೇಕು. ನನಗೆ ಯಾರೂ ಹೇಳಿರಲಿಲ್ಲ.

ಕೆಲಸ ಏನೆಂದು ಹೇಳುವುದು ಸುಲಭ. ಸುಣ್ಣಕಲ್ಲಿನ ಗುಹೆಯಲ್ಲಿ ಮೇಲಿನಿಂದ ನೀರು ತೊಟ್ಟಿಕ್ಕುತ್ತದೆ. ಪ್ರತಿ ಹನಿಯೂ ಒಂದಿಷ್ಟು ಸುಣ್ಣ ಬಿಟ್ಟುಹೋಗುತ್ತದೆ. ಹಾಗೆ ಪದರದ ಮೇಲೆ ಪದರ ಕೂತು ನೆಲದಿಂದ ಕಲ್ಲು ಮೇಲೇಳುತ್ತದೆ. ಬೆಳೆಯುವಾಗ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳಲ್ಲಿ ಆ ಕಾಲದ ನೀರೇ ಸಿಕ್ಕಿಬೀಳುತ್ತದೆ. ಸಾವಿರಾರು ವರ್ಷ ಹಳೆಯ ನೀರು, ಮುಚ್ಚಳ ಹಾಕಿಟ್ಟ ಹಾಗೆ. ನೀರಿನಲ್ಲಿ ಹಗುರ ಆಮ್ಲಜನಕವೂ ಉಂಟು, ಭಾರದ್ದೂ ಉಂಟು. ಅದೇ ಪದರದ ಕಲ್ಲಿನಲ್ಲೂ ಎರಡೂ ಇರುತ್ತವೆ. ಭಾರದ್ದು ಕಲ್ಲಿಗೆಷ್ಟು, ನೀರಿಗೆಷ್ಟು ಹಂಚಿಹೋಗಿದೆ ಎಂಬುದು ಆ ಕಾಲದ ಉಷ್ಣತೆಯ ಮೇಲೆ ನಿಂತಿರುತ್ತದೆ; ಚಳಿ ಹೆಚ್ಚಿದಷ್ಟೂ ಕಲ್ಲಿನ ಪಾಲು ಹೆಚ್ಚು. ಆದ್ದರಿಂದ ಕಲ್ಲನ್ನೂ ಅದರೊಳಗಿನ ನೀರನ್ನೂ ಬೇರೆ ಬೇರೆ ಅಳೆದರೆ, ಅಂದು ಎಷ್ಟು ಸೆಕೆ ಇತ್ತು, ಎಷ್ಟು ಚಳಿ ಇತ್ತು ಎಂದು ಲೆಕ್ಕ ಹಾಕಬಹುದು.

ಕೇಳಲಿಕ್ಕೆ ಚೆಂದ. ಆದರೆ ನೀರು ತೆಗೆಯಬೇಕಾದರೆ ಕಲ್ಲನ್ನು ಪುಡಿ ಮಾಡಬೇಕು. ಪುಡಿ ಮಾಡಿದ ಕಲ್ಲು ಮತ್ತೆ ಕಲ್ಲಾಗುವುದಿಲ್ಲ. ಈ ಒಂದು ಮಾತನ್ನು ನೆನಪಿಟ್ಟುಕೊಂಡು ಮುಂದಿನದ್ದನ್ನು ಓದಿ.

ನಾನು ರಸಾಯನಶಾಸ್ತ್ರ ಓದಿ ಸಹಾಯಕಿಯಾಗಿ ಸೇರಿದಾಗ ನಮ್ಮ ಮುಖ್ಯಸ್ಥರು ಪ್ರೊಫೆಸರ್ ಶ್ರೀಪತಿ. ಮೈಸೂರು ಕಡೆಯವರು. ಮಾತು ಮೃದು, ಇಸ್ತ್ರಿ ಮಾಡಿದ ಅಂಗಿ, ಪ್ರತಿಯೊಂದಕ್ಕೂ ಒಂದು ಸಿದ್ಧಾಂತ. ಬಂದ ಮೊದಲ ವರ್ಷದಲ್ಲೇ ಅವರದೊಂದು ಸಿದ್ಧಾಂತದ ಫಲ ನೋಡಿದೆ. ಕಲ್ಲಿನ ಹೊರಮೈಗೆ ಅಂಟಿದ ತೇವ ಹೋಗಲಿ ಎಂದು ಚೂರುಗಳನ್ನು ಕುಲುಮೆಯಲ್ಲಿ ಜೋರಾಗಿ ಕಾಯಿಸಲು ಅವರು ಹೇಳಿದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಒಗ್ಗರಣೆಯ ಸಾಸಿವೆಯ ಹಾಗೆ ಚಟಪಟ ಸದ್ದು.

"ಸರ್, ಅದು ಎಂತ ಸದ್ದು?" ಎಂದು ಕೇಳಿದೆ.

"ಒಣಗ್ತಾ ಇದೆ ಕಣ್ರೀ," ಎಂದರು.

ಒಣಗುತ್ತಿದ್ದದ್ದು ನಿಜವೇ. ಗುಳ್ಳೆಗಳು ಒಂದೊಂದಾಗಿ ಒಡೆದು, ನಮಗೆ ಬೇಕಾದ ನೀರೇ ಆವಿಯಾಗಿ ಹೋಗುತ್ತಿತ್ತು. ಮರುದಿನ ಆ ಚೂರುಗಳಿಂದ ಏನೂ ಸಿಗಲಿಲ್ಲ. ಸರ್ ಕಲ್ಲನ್ನೇ ದೂರಿದರು: "ಈ ಸ್ಯಾಂಪಲ್ಲಿನಲ್ಲಿ ನೀರೇ ಇಲ್ಲ." ಆಮೇಲೆ ಹೊರಗಿನ ಯಾರದೋ ಬರಹದಲ್ಲಿ ಓದಿ, ಇನ್ನು ಕಾಯಿಸುವುದು ಬೇಡ, ಹದವಾದ ಬಿಸಿಯಲ್ಲಿ ಪಂಪಿಗೆ ಹಾಕಿ ಒಣಗಿಸೋಣ ಎಂದರು. ಮೊದಲು ಮಾಡಿದ್ದರ ಬಗ್ಗೆ ಒಂದು ಮಾತೂ ಇಲ್ಲ. ಮೇಲಿನವರ ತಪ್ಪು ಹೀಗೆ ಸದ್ದಿಲ್ಲದೆ ಪದ್ಧತಿಯ ಸುಧಾರಣೆಯಾಗಿಬಿಡುತ್ತದೆ. ಕೆಳಗಿನವರ ತಪ್ಪಿಗೆ ಆ ಭಾಗ್ಯವಿಲ್ಲ.

ಪಂಪು, ವಾಲ್ವ್, ಗಾಜಿನ ನಳಿಗೆಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವನು ಉಳ್ಳಾಲದ ಇಸ್ಮಾಯಿಲ್. ಡಿಪ್ಲೊಮಾ ಮುಗಿಸಿ ಗುತ್ತಿಗೆಯ ಮೇಲೆ ಸೇರಿದವನು, ನನಗಿಂತ ಕೆಲವು ವರ್ಷ ಚಿಕ್ಕವನು. ನನ್ನನ್ನು ವನಜಕ್ಕ ಎಂದೇ ಕರೆಯುತ್ತಿದ್ದ. ಮನೆಯಲ್ಲಿ ಅವನದು ಬ್ಯಾರಿ ಭಾಷೆ, ನಮ್ಮಿಬ್ಬರ ನಡುವೆ ತುಳು, ಸರ್ ಬಂದರೆ ಕನ್ನಡ. ಕಲ್ಲಿನಿಂದ ಬಿಟ್ಟ ನೀರಿನ ಆವಿಯನ್ನು ಹಿಡಿಯಲು ನಳಿಗೆಯನ್ನು ದ್ರವ ಸಾರಜನಕದಲ್ಲಿ ಮುಳುಗಿಸಬೇಕು. ಆವಿ ಅಲ್ಲೇ ಮಂಜಾಗಿ ಕೂರುತ್ತದೆ. ಆ ಸಾರಜನಕ ಪಣಂಬೂರಿನ ಕಡೆಯಿಂದ ಪಿಕಪ್ಪಿನಲ್ಲಿ ಬರಬೇಕು. ನಂತೂರಿನಲ್ಲಿ ಲಾರಿಗಳ ಸಾಲು ಸಿಕ್ಕಿಕೊಂಡರೆ ನಮ್ಮ ಸಾರಜನಕ ಅಲ್ಲೇ ಬಿಸಿಲಲ್ಲಿ ಹೊಗೆಯಾಡುತ್ತ ಖಾಲಿಯಾಗುತ್ತಿತ್ತು. ಒಮ್ಮೆ ಇಸ್ಮಾಯಿಲ್ ಡಬ್ಬಿಯನ್ನು ಅಲ್ಲಾಡಿಸಿ ನೋಡಿ, "ವನಜಕ್ಕ, ಇವತ್ತು ನಂತೂರಿನ ಟ್ರಾಫಿಕ್ ಪೊಲೀಸರಿಗೆ ತಂಪು ಮಾಡಿ ಬಂದೆ ಮಾರಾಯ್ರೆ," ಎಂದದ್ದು ಈಗಲೂ ಕಿವಿಯಲ್ಲಿದೆ. ನಗುತ್ತಿದ್ದೆವು. ಆ ಕೋಣೆಯಲ್ಲಿ ನಾವು ನಕ್ಕ ದಿನಗಳೂ ಇದ್ದವು ಎಂದು ಬರೆಯದಿದ್ದರೆ ಅನ್ಯಾಯವಾದೀತು.

ನಮ್ಮ ದೊಡ್ಡ ಶತ್ರು ಮಂಗಳೂರಿನ ಗಾಳಿ. ಜೂನ್ ಬಂದರೆ ಇಲ್ಲಿ ಉಪ್ಪು ನೀರಾಗುತ್ತದೆ, ಬಾಗಿಲು ಉಬ್ಬುತ್ತದೆ, ಬೀರುವಿನೊಳಗಿನ ಚಪ್ಪಲಿಗೆ ಬೂಸ್ಟು ಬರುತ್ತದೆ. ಅಂಥ ಊರಿನಲ್ಲಿ ಕಲ್ಲಿನೊಳಗಿನ ಕಣದಷ್ಟು ನೀರನ್ನು ಅಳೆಯುವುದೆಂದರೆ ಸಂತೆಯಲ್ಲಿ ಪಿಸುಮಾತು ಕೇಳಿಸಿಕೊಂಡ ಹಾಗೆ. ನಳಿಗೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಹೊರಗಿನ ತೇವ ಒಳಗೆ ನುಗ್ಗುತ್ತದೆ. ಗಾಳಿಯಲ್ಲಿನ ಆವಿಯಲ್ಲಿ ಭಾರದ ಆಮ್ಲಜನಕ ಗುಹೆಯ ನೀರಿನಲ್ಲಿರುವುದಕ್ಕಿಂತ ಕಡಿಮೆ. ಅದು ಬೆರೆತರೆ ಲೆಕ್ಕ ತಪ್ಪಿ, ಹಿಂದಿನ ಕಾಲ ಇದ್ದದ್ದಕ್ಕಿಂತ ತಂಪಾಗಿ ಕಾಣುತ್ತದೆ.

ಈ ಕಥೆಯ ಕಲ್ಲು ಸಿಕ್ಕಿದ್ದು ಉತ್ತರ ಕನ್ನಡದ ಒಂದು ಗುಹೆಯಲ್ಲಿ. ದಾರಿ ತೋರಿಸಿದವರು ಅಲ್ಲಿಯ ಹಿರಿಯರಾದ ಮಾಸ್ತಿ ಗೌಡರು. ಚಿಕ್ಕಂದಿನಿಂದ ದನ ಕಾಯುತ್ತ ಆ ಗುಹೆಯ ಬಾಯಿಯಲ್ಲಿ ಮಳೆಗೆ ನಿಲ್ಲುತ್ತಿದ್ದವರು. ನಮಗೆ ಅರಣ್ಯ ಇಲಾಖೆಯ ಒಪ್ಪಿಗೆ ಇತ್ತು, ಅವರ ಒಪ್ಪಿಗೆ ಯಾರಿಗೂ ಬೇಕಿರಲಿಲ್ಲ. ಆದರೂ ಸರ್ ಗರಗಸ ಹಚ್ಚುವ ಮೊದಲು ಗೌಡರು ಆ ಕಲ್ಲಿನ ತಲೆಯ ಮೇಲೆ ಅಂಗೈ ಇಟ್ಟು ನಿಂತರು. ಅದು ಇನ್ನೂ ಒದ್ದೆಯಾಗಿತ್ತು. ಮೇಲಿನಿಂದ ಹನಿ ಬೀಳುತ್ತಲೇ ಇತ್ತು.

"ಬೆಳೀತಾ ಉಂಟಲ್ರಾ ಇದು," ಎಂದರು. "ಕಡಿದ್ರೆ ಮತ್ತೆ ಬೆಳೀತದಾ?"

"ವಿಜ್ಞಾನಕ್ಕೆ ಒಂದೇ ಒಂದು ಕಲ್ಲು ಯಜಮಾನ್ರೆ," ಎಂದರು ಸರ್. "ಕೆಲಸ ಆದ್ಮೇಲೆ ಅರ್ಧ ತಂದುಕೊಡ್ತೀವಿ."

"ಅರ್ಧ ಕಲ್ಲು ಇಟ್ಕಂಡು ನಾ ಎಂತ ಮಾಡ್ಲಿ? ಅದು ಎಂತ ಹೇಳ್ತು ಅಂತ ಬಂದು ಹೇಳಿ. ಹಿಂದೆ ಇಲ್ಲಿ ಈಗಿನಷ್ಟೇ ಸೆಕೆ ಇತ್ತಾ, ಕಡಿಮೆ ಇತ್ತಾ, ಅಷ್ಟು ಹೇಳಿದ್ರೆ ಸಾಕು."

ಹೇಳುತ್ತೇವೆ ಎಂದು ಸರ್ ಅವರ ಕೈ ಹಿಡಿದುಕೊಂಡು ಮಾತು ಕೊಟ್ಟರು. ಗೌಡರು ಕಲ್ಲಿನಿಂದ ಕೈ ತೆಗೆದರು.

ಕಲ್ಲನ್ನು ಸೀಳಿದಾಗ ಒಳಗೆ ಮರದ ಉಂಗುರಗಳ ಹಾಗೆ ಸ್ಪಷ್ಟ ಪದರಗಳು. ಅಷ್ಟು ಒಳ್ಳೆಯ ಕಲ್ಲು ಮತ್ತೆ ನನ್ನ ಕೈಗೆ ಬರಲಿಲ್ಲ. ಬೇಸಿಗೆಯಲ್ಲಿ ಕೆಳಗಿನ ಪದರಗಳನ್ನು ಅಳೆದೆವು. ಫಲಿತಾಂಶ ಹೆಚ್ಚುಕಡಿಮೆ ಒಂದೇ ಸಮ. ಸರ್‌ಗೆ ಬೇಸರ. ನಕ್ಷೆಯಲ್ಲಿ ಒಂದೇ ಸಮನಾದ ಗೆರೆಯನ್ನು ನೋಡಿ ಯಾರೂ ಕುರ್ಚಿಯಿಂದ ಏಳುವುದಿಲ್ಲ. ಮಳೆಗಾಲ ಶುರುವಾಯಿತು, ಕಲ್ಲಿನ ನಡುಭಾಗಕ್ಕೆ ಬಂದೆವು. ಗೆರೆ ಒಮ್ಮೆಗೇ ಕೆಳಗಿಳಿಯಿತು. ಆ ಪದರಗಳ ಕಾಲದಲ್ಲಿ ಕರಾವಳಿ ಹಠಾತ್ತಾಗಿ ತಣ್ಣಗಾಗಿತ್ತು ಎಂದು ಅದರ ಅರ್ಥ. ಸರ್ ಎದ್ದು ನಿಂತು ಕಿಟಕಿಯ ಹತ್ತಿರ ಹೋಗಿ ಬಂದರು. "ಶೀತಕಾಲ," ಎಂದರು. "ಈ ಕರಾವಳಿಗೊಂದು ಶೀತಕಾಲ ಇತ್ತು ಕಣ್ರೀ."

ಇಸ್ಮಾಯಿಲ್ ನನ್ನ ಮುಖ ನೋಡಿದ. ಕಲ್ಲು ಒಡೆಯುವ ಕೊಳವೆಯ ವಾಲ್ವಿನ ರಬ್ಬರು ಹಳತಾಗಿದೆ, ಹೊಸದು ಬೇಕು ಎಂದು ಅವನು ಮಳೆ ಶುರುವಾಗುವ ಮೊದಲೇ ಸರ್‌ಗೆ ಹೇಳಿದ್ದ. ಹೊರಗಿನಿಂದ ತರಿಸಬೇಕು, ಸಮಯ ಹಿಡಿಯುತ್ತದೆ, ಕೇಂದ್ರದ ಕೆಲಸ ನೋಡಲು ಪರಿಶೀಲನಾ ಸಮಿತಿ ಬರುವ ಹೊತ್ತಿಗೆ ಕೆಲಸ ನಿಂತಿರಬಾರದು ಎಂದು ಸರ್ ಮುಂದೂಡಿದ್ದರು.

ನಾವು ಒಂದು ಖಾಲಿ ಪರೀಕ್ಷೆ ಮಾಡಿದೆವು. ನೀರೆಲ್ಲ ಹೋಗುವಂತೆ ಚೆನ್ನಾಗಿ ಕಾಯಿಸಿದ ಬೇರೊಂದು ಕಲ್ಲನ್ನು ಅದೇ ಕೊಳವೆಯಲ್ಲಿ ಹಾಕಿ ಒಡೆದೆವು. ಏನೂ ಬರಬಾರದಿತ್ತು. ನಳಿಗೆಯಲ್ಲಿ ಮಂಜು ಕೂತಿತು, ಕಣ್ಣಿಗೆ ಕಾಣುವಷ್ಟು. ನೀರಿಲ್ಲದ ಕಲ್ಲಿನಿಂದ ಬಂದ ನೀರು ಎಲ್ಲಿಯದೆಂದು ಕೇಳಬೇಕೆ? ಹೊರಗೆ ಧೋ ಎಂದು ಸುರಿಯುತ್ತಿತ್ತು.

ಸರ್ ಬಂದು ನೋಡಿದರು. "ಎಲ್ಲಾ ಲ್ಯಾಬಲ್ಲೂ ಸ್ವಲ್ಪ ಬರುತ್ತೆ. ಅದನ್ನ ಲೆಕ್ಕದಲ್ಲಿ ಕಳೆದುಬಿಡೋಣ."

"ಸರ್, ಒಂದೊಂದು ದಿನ ಒಂದೊಂದು ಥರ ಬರ್ತದೆ," ಎಂದ ಇಸ್ಮಾಯಿಲ್. "ಯಾವುದನ್ನು ಕಳೆಯುವುದು?"

"ಸರ್, ಈ ಪದರಗಳನ್ನು ಇನ್ನು ಮುಟ್ಟುವುದು ಬೇಡ," ಎಂದೆ ನಾನು. "ಸ್ವಲ್ಪ ಉಳಿದಿದೆ. ಹೊಸ ರಬ್ಬರು ಬರಲಿ, ಆಮೇಲೆ ಅಳೆಯುವ."

ಸರ್ ನನ್ನ ಭುಜದಾಚೆ ಎಲ್ಲೋ ನೋಡುತ್ತ, "ವನಜಾಕ್ಷಿಯವರೇ, ಕಲ್ಲನ್ನ ಓದೋದು ನನ್ನ ಕೆಲಸ. ನೀವು ಒಡೀರಿ," ಎಂದರು. ಮರುವಾರ ನಾನು ಕೇಂದ್ರದ ಆಡಳಿತಾಧಿಕಾರಿಯ ಬಳಿ ಹೋಗಿ ವಿಷಯ ಹೇಳಿದೆ. ಅವರು ವಿಜ್ಞಾನದ ಸಂಗತಿ ತಮಗೆ ತಿಳಿಯದು ಎಂದು ಕೈಮುಗಿದರು. ಅಷ್ಟರಲ್ಲಿ ಸರ್ ಉಳಿದ ನಡುಪದರಗಳನ್ನೂ ತಾವೇ ನಿಂತು ಒಡೆಸಿದ್ದರು. ಹೆಚ್ಚು ಸಲ ಅಳೆದಷ್ಟೂ ಫಲಿತಾಂಶ ಗಟ್ಟಿಯಾಗುತ್ತದೆ ಎಂಬುದು ಅವರ ಸಿದ್ಧಾಂತ. ಸೋರುವ ಕೊಡಪಾನದಲ್ಲಿ ಹೆಚ್ಚು ಸಲ ಅಳೆದರೆ ಗಟ್ಟಿಯಾಗುವುದು ಯಾವುದು ಎಂದು ನೀವೇ ಯೋಚಿಸಿ.

ಶೀತಕಾಲ ಅಚ್ಚಾಯಿತು. ಸರ್ ದೇಶ ವಿದೇಶ ತಿರುಗಿದರು. ಹಾರ, ಶಾಲು, ಪತ್ರಿಕೆಯಲ್ಲಿ ಫೋಟೋ. ಕೆಲವು ವರ್ಷ ಹೀಗೆ ನಡೆಯಿತು. ಆಮೇಲೆ ಹೊರದೇಶದ ಒಂದು ತಂಡ ಹತ್ತಿರದ ಇನ್ನೊಂದು ಗುಹೆಯ ಕಲ್ಲನ್ನು ಅಳೆದು, ನಮಗೆ ಆ ಶೀತಕಾಲ ಕಾಣುವುದಿಲ್ಲವಲ್ಲ, ನಿಮ್ಮ ಖಾಲಿ ಪರೀಕ್ಷೆಗಳ ಫಲಿತಾಂಶ ಕಳುಹಿಸಿ ಎಂದು ಕೇಳಿತು. ಮೃದು ಮಾತಿನ ಸರ್ ಅಂದು ಮೊದಲ ಬಾರಿ ಕಾರಿಡಾರಿನಲ್ಲಿ ಗಟ್ಟಿಯಾಗಿ ಕೂಗಿದ್ದನ್ನು ಕೇಳಿದೆ. ಕೂಗಿದ್ದು ಇಸ್ಮಾಯಿಲ್‌ನ ಮೇಲೆ.

ಒಂದು ವಿಚಾರಣೆ ಆಯಿತು. ನನ್ನನ್ನು ಕರೆದರು. ಮೇಜಿನ ಆಚೆ ಕೂತಿದ್ದವರು ಕೇಳಿದರು: "ವಾಲ್ವಿನ ಜವಾಬ್ದಾರಿ ಯಾರದ್ದು?"

"ಇಸ್ಮಾಯಿಲ್‌ರದ್ದು. ಆದರೆ ಅದನ್ನು ಬದಲಿಸಬೇಕು ಅಂತ ಅವರು ಮೊದಲೇ ಸರ್‌ಗೆ ಹೇಳಿದ್ದರು. ನಾನೂ ಅಲ್ಲೇ ಇದ್ದೆ. ಖಾಲಿ ಪರೀಕ್ಷೆ ಮಾಡಿ ತೋರಿಸಿದ್ದೂ ನಾವೇ."

"ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಿ ಮೇಡಂ."

"ನೀವು ಕೇಳದೆ ಬಿಟ್ಟದ್ದೇ ಇಲ್ಲಿ ಮುಖ್ಯ," ಎಂದೆ. ಅವರು ನೀರು ಕುಡಿದು, ನೀವು ಹೋಗಬಹುದು ಎಂದರು.

ತೀರ್ಮಾನ ಹೀಗಿತ್ತು: ತಂತ್ರಜ್ಞನ ನಿರ್ಲಕ್ಷ್ಯದಿಂದ ಸೋರಿಕೆಯಾಗಿದೆ, ಅದು ತಟ್ಟಿದ ಕೆಲವು ಅಳತೆಗಳನ್ನು ಕೈಬಿಡಲಾಗಿದೆ, ಮುಖ್ಯ ಫಲಿತಾಂಶಕ್ಕೆ ಬಾಧೆಯಿಲ್ಲ. ಸೋರಿಕೆ ಇಸ್ಮಾಯಿಲ್‌ನನ್ನು ಮನೆಗೆ ಕಳುಹಿಸುವಷ್ಟು ದೊಡ್ಡದು, ಶೀತಕಾಲವನ್ನು ಕದಲಿಸದಷ್ಟು ಚಿಕ್ಕದು. ಇಷ್ಟು ನಾಜೂಕಾದ ಅಳತೆಯನ್ನು ನಮ್ಮ ಯಾವ ಯಂತ್ರವೂ ಮಾಡಿರಲಿಲ್ಲ.

ಅವನ ಗುತ್ತಿಗೆ ಮುಗಿಯಿತು, ಮುಂದುವರಿಸಲಿಲ್ಲ. ಹೋಗುವ ದಿನ ತನ್ನ ಸ್ಪ್ಯಾನರುಗಳನ್ನು ಒಂದು ಟವೆಲಿನಲ್ಲಿ ಸುತ್ತಿಕೊಂಡ. "ವನಜಕ್ಕ, ಎರಡನೇ ಪಂಪಿನ ಎಣ್ಣೆ ಬದಲಿಸಲಿಕ್ಕೆ ಆಗಿದೆ, ಹೊಸಬರಿಗೆ ಹೇಳಿ," ಎಂದಷ್ಟೇ ಹೇಳಿ ಮೆಟ್ಟಿಲಿಳಿದ. ಕೆಲವು ತಿಂಗಳಲ್ಲಿ ದುಬೈಗೆ ಹೋದ ಎಂದು ಕೇಳಿದೆ. ನನ್ನನ್ನು ದಾಸ್ತಾನು ಕೋಣೆಗೆ ಹಾಕಿದರು. ಗಾಜಿನ ಪಾತ್ರೆ ಕೊಡುವುದು, ಒಡೆದದ್ದನ್ನು ಬರೆದಿಡುವುದು. ನನ್ನ ಸೇವೆಯ ಒಳ್ಳೆಯ ವರ್ಷಗಳು ಅಲ್ಲಿ ಹೋದವು.

ಆ ಕೋಣೆಗೇ ಒಂದು ದಿನ ಮಾಸ್ತಿ ಗೌಡರು ಬಂದರು. ಸಂಬಂಧಿಕರೊಬ್ಬರನ್ನು ಇಲ್ಲಿಯ ಆಸ್ಪತ್ರೆಗೆ ಸೇರಿಸಿದ್ದರಂತೆ. ಕೇಳಿಕೊಂಡು ಕೇಳಿಕೊಂಡು ಗುಡ್ಡ ಹತ್ತಿ ಬಂದಿದ್ದರು. ಸರ್ ಊರಿನಲ್ಲಿರಲಿಲ್ಲ. ಗೌಡರಿಗೆ ಕಲ್ಲು ನೋಡಬೇಕಿತ್ತು. ಪಕ್ಕದ ಕಪಾಟಿನಲ್ಲೇ ಇತ್ತು, ತೋರಿಸಿದೆ. ಮೇಲಿನ ತುಂಡು, ಕೆಳಗಿನ ತುಂಡು, ನಡುವೆ ಏನೂ ಇಲ್ಲ.

"ನಡು ಎಲ್ಲಿ?"

"ಪುಡಿಯಾಗಿದೆ ಗೌಡರೇ."

ಅವರು ಎರಡು ತುಂಡುಗಳನ್ನೂ ಹತ್ತಿರ ತಂದು ಸೇರಿಸಿ ನೋಡಿದರು. ಸೇರಲಿಲ್ಲ. "ಪೇಪರಿನಲ್ಲಿ ಬಂದಿತ್ತಂತೆ, ನಮ್ಮ ಮಾಸ್ತರು ಓದಿ ಹೇಳಿದ್ರು. ಹಿಂದೆ ಭಾರೀ ಚಳಿ ಇತ್ತಂತಲ್ಲ. ಹೌದಾ ಅಮ್ಮ?"

ಹೌದು ಎಂದರೆ ಸುಳ್ಳು. ಅಲ್ಲ ಎನ್ನಲು ನನ್ನ ಬಳಿ ಆಧಾರವಿಲ್ಲ. "ಗೊತ್ತಿಲ್ಲ ಗೌಡರೇ. ಸರಿಯಾಗಿ ಅಳೆಯಲಿಲ್ಲ," ಎಂದೆ.

ಅವರಿಗೆ ಸಿಟ್ಟು ಬಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವರು ತುಂಡುಗಳನ್ನು ಮೊದಲಿದ್ದ ಹಾಗೆಯೇ ಕಪಾಟಿನಲ್ಲಿಟ್ಟು, "ಹಾಗಾದ್ರೆ ಅಲ್ಲೇ ಇರಲಿಕ್ಕೆ ಬಿಡಬೇಕಿತ್ತು," ಎಂದು ಹೇಳಿ ಹೊರಟರು. ಚಹಾ ಕುಡಿದು ಹೋಗಿ ಎಂದೆ. ಆಸ್ಪತ್ರೆಯಲ್ಲಿ ಕಾಯುತ್ತಾರೆ ಎಂದರು.

ಸರ್ ನಿವೃತ್ತರಾದ ಮೇಲೆ ಮುಖ್ಯಸ್ಥೆಯಾಗಿ ಬಂದವರು ಡಾಕ್ಟರ್ ಜೆಸಿಂತಾ, ಇದೇ ಊರಿನವರು. ನನ್ನನ್ನು ದಾಸ್ತಾನು ಕೋಣೆಯಿಂದ ಎಬ್ಬಿಸಿ ಮತ್ತೆ ಲ್ಯಾಬಿಗೆ ಕರೆದರು. ಅಷ್ಟರಲ್ಲಿ ವಿಧಾನವೇ ಬದಲಾಗಿತ್ತು. ನಾವು ವರ್ಷಗಟ್ಟಲೆ ತೇವವನ್ನು ಹೊರಗಟ್ಟಲು ಹೆಣಗಿದ್ದೆವು. ಹೊಸ ಪದ್ಧತಿಯಲ್ಲಿ ನಾವೇ ಒಂದು ಗೊತ್ತಾದ ತೇವವನ್ನು ನಳಿಗೆಯೊಳಗೆ ಒಂದೇ ಸಮನೆ ಹರಿಸುತ್ತೇವೆ. ಕಲ್ಲು ಒಡೆದಾಗ ಅದರ ಮೇಲೆ ಎಷ್ಟು ಏರಿತೋ ಅದು ಕಲ್ಲಿನ ನೀರು. ಲೇಸರಿನ ಯಂತ್ರ ಕೂತಲ್ಲೇ ಅಳೆದು ಹೇಳುತ್ತದೆ. ದ್ರವ ಸಾರಜನಕವೂ ಬೇಡ, ನಂತೂರಿನ ಲಾರಿಗಳ ಗೊಡವೆಯೂ ಇಲ್ಲ. ಮೊದಲ ಸಲ ಅದು ಓಡಿದ್ದನ್ನು ನೋಡಿ ನನಗೆ ಸಂತೋಷಕ್ಕಿಂತ ಹೊಟ್ಟೆಯುರಿಯೇ ಹೆಚ್ಚಾಯಿತು. ಇಷ್ಟು ಸಣ್ಣ ಉಪಾಯಕ್ಕೆ ನಮ್ಮ ಆಯುಷ್ಯ ಹೋಯಿತಲ್ಲ ಎಂದು.

ಹಳೆಯ ಕಲ್ಲಿನ ಉಳಿದ ತುಂಡುಗಳನ್ನು ಹೊಸ ಯಂತ್ರದಲ್ಲಿ ಅಳೆದೆವು. ನಡುಭಾಗಕ್ಕೆ ತೀರ ಹತ್ತಿರದ ಅಂಚುಗಳಲ್ಲೂ ಚಳಿಯ ಸುಳಿವಿಲ್ಲ. ಆದರೆ ಆ ನಡುಪದರಗಳೇ ಇಲ್ಲ. ಅವನ್ನು ಕೊನೆಯ ಚೂರಿನವರೆಗೂ ಒಡೆದು ಮುಗಿಸಿದ್ದರು. ಜೆಸಿಂತಾ ಮೇಡಂ ಯಂತ್ರವನ್ನು ಆರಿಸಿ ನನ್ನ ಕಡೆ ತಿರುಗಿದರು.

"ಆ ಶೀತಕಾಲ ಸುಳ್ಳು ಅಂತ ನನಗೆ ಗೊತ್ತುಂಟು ವನಜಾಕ್ಷಿ. ಆದರೆ ತೋರಿಸಲಿಕ್ಕೆ ಆಗುವುದಿಲ್ಲ," ಎಂದರು. "ಸಂಶಯ ಉಂಟು ಅಂತ ಬರೆಯಬಹುದು, ಅಷ್ಟೇ. ಸೋರಿಕೆಯನ್ನು ಇಸ್ಮಾಯಿಲ್ ಮೊದಲೇ ತಿಳಿಸಿದ್ದ ಅಂತ ಹೆಸರು ಹಾಕಿಯೇ ಬರೆಯುತ್ತೇನೆ. ಅವನನ್ನು ಒಂದು ಮಾತು ಕೇಳಿ."

ಆಗ ನನ್ನ ನಿವೃತ್ತಿ ಹತ್ತಿರವಿತ್ತು. ಇಸ್ಮಾಯಿಲ್ ಗಲ್ಫಿನಿಂದ ವಾಪಸಾಗಿ ಉಳ್ಳಾಲದಲ್ಲೇ ಏಸಿ ರಿಪೇರಿಯ ಅಂಗಡಿ ಇಟ್ಟಿದ್ದಾನೆ ಎಂದು ತಿಳಿದು ಒಂದು ಭಾನುವಾರ ಬೆಳಿಗ್ಗೆ ಅವನ ಮನೆಗೆ ಹೋದೆ. ಗಡ್ಡ ಬೆಳ್ಳಗಾಗಿತ್ತು. ನನ್ನನ್ನು ಕಂಡು ನಿಜವಾಗಿ ಖುಷಿಪಟ್ಟ. ಅವನ ಹೆಂಡತಿ ತಟ್ಟೆ ತುಂಬ ತಿಂಡಿ ತಂದಿಟ್ಟರು. ನಾನು ವಿಷಯ ಹೇಳಿದೆ. ಒಳ್ಳೆಯ ಸುದ್ದಿ ತಂದಿದ್ದೇನೆಂದೇ ಅಂದುಕೊಂಡಿದ್ದೆ.

ಅವನು ಹೆಂಡತಿ ಒಳಗೆ ಹೋಗುವವರೆಗೆ ಕಾದ. ಆಮೇಲೆ ದನಿ ತಗ್ಗಿಸಿ, "ಹೆಸರು ಬೇಡ ವನಜಕ್ಕ," ಎಂದ.

"ಯಾಕೆ? ನಿನ್ನದು ತಪ್ಪಿಲ್ಲ ಅಂತ ಬರೆಯುವುದು ಮಾರಾಯ."

"ಅದೇ. ಹೆತ್ತ ಉಮ್ಮನಿಗೇ ನಾನು ಹೇಳಿದ್ದು ದುಬೈಯಲ್ಲಿ ಒಳ್ಳೆ ಕೆಲಸ ಸಿಕ್ಕಿತು, ಅದಕ್ಕೆ ಲ್ಯಾಬು ಬಿಟ್ಟೆ ಅಂತ. ಉಮ್ಮ ಹಾಗೆಯೇ ತಿಳಿದುಕೊಂಡು ತೀರಿಹೋದರು. ಇವಳಿಗೂ ಅಷ್ಟೇ ಗೊತ್ತಿರುವುದು, ಊರಿಗೂ ಅಷ್ಟೇ. ಈಗ ಇಸ್ಮಾಯಿಲ್ ತಪ್ಪು ಮಾಡಿರಲಿಲ್ಲ ಅಂತ ನೀವು ಬರೆದರೆ, ಮಾಡಿದ್ದಾನೆ ಅಂತ ಹೇಳಿದ್ದು ಯಾರು ಅಂತ ಜನ ಕೇಳ್ತಾರೆ."

ಅವನು ತಿಂಡಿಯ ತಟ್ಟೆಯನ್ನು ನನ್ನ ಕಡೆಗೆ ಸರಿಸಿದ.

"ಆಗ ಬರೆದಿದ್ದರೆ ಬೇರೆ," ಎಂದ. "ಈಗ ಅದು ನನಗೆ ಉಪಕಾರ ಅಲ್ಲ."

ಜೆಸಿಂತಾ ಮೇಡಂ ಬರೆದ ಟಿಪ್ಪಣಿ ಅವನ ಹೆಸರಿಲ್ಲದೆ ಅಚ್ಚಾಯಿತು. ಒಬ್ಬ ತಂತ್ರಜ್ಞರು ಮೊದಲೇ ಎಚ್ಚರಿಸಿದ್ದರು ಎಂಬ ಒಂದು ಸಾಲು, ಪುಟದ ಕೊನೆಯಲ್ಲಿ. ಶ್ರೀಪತಿ ಸರ್ ಅದಕ್ಕೆ ಉತ್ತರಿಸಿ, ಆ ಪದರಗಳು ಈಗ ಇಲ್ಲದಿರುವುದರಿಂದ ತಮ್ಮ ಫಲಿತಾಂಶವನ್ನು ತಳ್ಳಿಹಾಕುವುದು ವಿಜ್ಞಾನವಲ್ಲ ಎಂದು ಬರೆದರು. ಶೀತಕಾಲ ಈಗಲೂ ಬೇರೆಯವರ ಬರಹಗಳಲ್ಲಿ ಬರುತ್ತದೆ. ಓದುವಾಗ ನೀವೂ ಅದನ್ನು ಕಾಣುತ್ತೀರಿ.

ಆ ಭಾನುವಾರ ಇಸ್ಮಾಯಿಲ್ ನನ್ನನ್ನು ಬಸ್ ಸ್ಟಾಪಿನವರೆಗೆ ಬಿಡಲು ಬಂದ. ದಾರಿಯಲ್ಲಿ ಹೊಸ ಯಂತ್ರದ ಬಗ್ಗೆ ಒಂದೊಂದೇ ಕೇಳಿದ. ತೇವವನ್ನು ನಾವೇ ಹರಿಸುವ ಉಪಾಯ ಹೇಳಿದಾಗ ಅವನ ಕಣ್ಣು ಹಿಂದಿನ ಹಾಗೆ ಅರಳಿತು. "ಹಾಗಾದರೆ ಮಳೆಗಾಲದಲ್ಲೂ ಅಳೆಯಬಹುದು!" ಎಂದ.

"ಅಳೆಯಬಹುದು. ಈಗ ತೊಂದರೆ ಇಲ್ಲ."

ಬಸ್ಸು ದೂರದಲ್ಲಿ ಕಂಡಿತು. ಅವನು ಅದನ್ನೇ ನೋಡುತ್ತಿದ್ದ. "ಆದರೂ ಆಗ ಮಳೆ ಬಿಡುವವರೆಗೆ ಕಾದಿದ್ದರೆ ಸಾಕಿತ್ತಲ್ಲ ವನಜಕ್ಕ," ಎಂದ.

"ಸಾಕಿತ್ತು," ಎಂದೆ. ಬಸ್ಸು ಬಂತು, ಹತ್ತಿದೆ.